ವಿಡಿಯೊದಲ್ಲಿ ಇದ್ದ ಹಾಗೆ ಎದುರಾಳಿ ಆಡುವುದೇ ಇಲ್ಲ, ಏನು ಮಾಡಲಿ?

ಪ್ರಶ್ನೆ: ಮೇಡಂ, ನನಗೆ 31 ವರ್ಷ, ಹುಬ್ಬಳ್ಳಿಯಲ್ಲಿ ಕೆಲಸ. ಆರು ತಿಂಗಳಿಂದ ಮೊಬೈಲ್‌ನಲ್ಲಿ ಚೆಸ್ ಆಡುತ್ತಿದ್ದೇನೆ. ರೇಟಿಂಗ್ (ಆಟದ ಮಟ್ಟ ತೋರಿಸುವ ಅಂಕ) 750ರ ಹತ್ತಿರ ನಿಂತುಬಿಟ್ಟಿದೆ. ವಿಡಿಯೊ ನೋಡಿ ಇಟಾಲಿಯನ್, ಸಿಸಿಲಿಯನ್, ಲಂಡನ್ ಅನ್ನುವ ಓಪನಿಂಗ್, ಅಂದರೆ ಆಟದ ಶುರುವಿನ ನಡೆಗಳು, ಎಲ್ಲ ಸ್ವಲ್ಪ ಸ್ವಲ್ಪ ಕಲಿತೆ. ಆದರೆ ಎದುರಾಳಿ ವಿಡಿಯೊದಲ್ಲಿ ಇದ್ದ ಹಾಗೆ ಆಡುವುದೇ ಇಲ್ಲ. ಐದಾರು ನಡೆ ಆಗುವಷ್ಟರಲ್ಲಿ ಮುಂದೇನು ಅಂತ ತೋಚುವುದಿಲ್ಲ. ಯಾವ ಓಪನಿಂಗ್ ಕಲಿಯಬೇಕು? ಹೇಗೆ ನೆನಪಿಟ್ಟುಕೊಳ್ಳಬೇಕು? ಈ ವಯಸ್ಸಿಗೆ ಶುರು ಮಾಡಿದ್ದು ತಡವಾಯಿತಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ತಡವಾಗಿಲ್ಲ. ನಾನು ಹದಿನೆಂಟು ವರ್ಷದಿಂದ ಮಕ್ಕಳಿಗೂ ದೊಡ್ಡವರಿಗೂ ಚೆಸ್ ಹೇಳಿಕೊಡುತ್ತಿದ್ದೇನೆ. ಮಕ್ಕಳಿಗೆ ಬೇಗ ಬಾಯಿಪಾಠ ಆಗುತ್ತದೆ, ನಿಜ. ಆದರೆ ದೊಡ್ಡವರು ಪ್ರತಿ ನಡೆಗೂ "ಯಾಕೆ?" ಅಂತ ಕೇಳುತ್ತಾರೆ, ಉತ್ತರ ಸಿಗುವವರೆಗೆ ಬಿಡುವುದಿಲ್ಲ. ಓಪನಿಂಗ್ ಕಲಿಯುವುದಕ್ಕೆ ಈ ಹಟವೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಕಾಯಿಗಳಿಗೆ ನಮ್ಮ ಮನೆಯ ಹೆಸರುಗಳನ್ನೇ ಬಳಸುತ್ತೇನೆ. ಬಿಷಪ್ ಅಂದರೆ ಒಂಟೆ, ರೂಕ್ ಅಂದರೆ ಆನೆ, ನೈಟ್ ಅಂದರೆ ಕುದುರೆ, ಕ್ವೀನ್ ಅಂದರೆ ರಾಣಿ. ಪಾನ್ ಅಂದರೆ ಮುಂದಿನ ಸಾಲಿನ ಸಣ್ಣ ಕಾಯಿ. ಇ4 ಅಂತೆಲ್ಲ ಬರುವುದು ಮನೆಗಳ ಹೆಸರು: ಬಿಳಿ ಆಟಗಾರನ ಎಡದಿಂದ ಬಲಕ್ಕೆ ಎ ಇಂದ ಎಚ್, ಅವನ ಕಡೆಯಿಂದ ಮೇಲಕ್ಕೆ 1ರಿಂದ 8. ನಿಮ್ಮ ಕಡೆ ರಾಣಿಗೆ ಮಂತ್ರಿ ಅಂತಿದ್ದರೆ ಹಾಗೇ ಓದಿಕೊಳ್ಳಿ. ಪಕ್ಕದಲ್ಲಿ ಒಂದು ಬೋರ್ಡ್ ಇಟ್ಟುಕೊಂಡು ಓದಿದರೆ ಇನ್ನೂ ಒಳ್ಳೆಯದು.

ನಿಮ್ಮ ತೊಂದರೆ ಎಲ್ಲಿದೆ ಅಂತ ತೋರಿಸುವುದಕ್ಕೆ ನನ್ನ ಕ್ಲಾಸಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಭಾನುವಾರದ ಬ್ಯಾಚಿನಲ್ಲಿ ಒಂಬತ್ತು ವರ್ಷದ ಹುಡುಗಿ ಇದ್ದಳು. ನಾಲ್ಕೇ ನಡೆಯಲ್ಲಿ ಮೇಟ್ (ರಾಜ ತಪ್ಪಿಸಿಕೊಳ್ಳಲಾಗದ ಚೆಕ್) ಮಾಡುವ ಆಟ ನಿಮಗೂ ಗೊತ್ತಿರುತ್ತದೆ ಅಲ್ವಾ? ಬಿಳಿ ಪಾನ್ ಇ4, ಕಪ್ಪು ಪಾನ್ ಇ5. ಬಿಳಿ ಒಂಟೆ ಸಿ4ಗೆ, ಕಪ್ಪು ಕುದುರೆ ಸಿ6ಗೆ. ಆಮೇಲೆ ಬಿಳಿ ರಾಣಿ ಎಚ್5ಗೆ ಬಂದು, ಒಂಟೆ ಜೊತೆ ಸೇರಿ ಎಫ್7 ಮನೆಯ ಮೇಲೆ ಕಣ್ಣಿಡುತ್ತಾಳೆ. ಆಗ ಕಪ್ಪು ಆಟಗಾರ ಜಿ ಪಾನನ್ನು ಜಿ6ಗೆ ತಳ್ಳಬೇಕು. ರಾಣಿಯ ದಾರಿಯೂ ಮುಚ್ಚುತ್ತದೆ, ರಾಣಿ ಓಡಲೂ ಬೇಕಾಗುತ್ತದೆ. ಅವಳು ಎಫ್3ಗೆ ಬಂದು ಮತ್ತೆ ಮೇಟ್ ಹೆದರಿಕೆ ಹಾಕಿದರೆ ಕುದುರೆಯನ್ನು ಎಫ್6ಗೆ ತಂದರೆ ಮುಗಿಯಿತು. ಇದನ್ನು ನಾನು ಹೇಳಿಕೊಟ್ಟಿದ್ದೆ, ಹುಡುಗಿ ಚೆನ್ನಾಗಿಯೇ ಕಲಿತಿದ್ದಳು.

ಒಂದು ಟೂರ್ನಮೆಂಟಿನಲ್ಲಿ ಅವಳ ಎದುರಾಳಿ ಒಂಟೆ ತರುವ ಮೊದಲೇ, ಎರಡನೇ ನಡೆಯಲ್ಲೇ ರಾಣಿಯನ್ನು ಎಚ್5ಗೆ ತಂದ. ಹುಡುಗಿ ಯೋಚಿಸದೆ ಜಿ6 ಆಡಿದಳು. ರಾಣಿ ಇ5ರ ಪಾನನ್ನು ಹೊಡೆದು ಚೆಕ್ ಕೊಟ್ಟಿತು. ಜಿ ಪಾನ್ ಮುಂದೆ ಹೋಗಿದ್ದರಿಂದ ಇ5ರಿಂದ ಎಚ್8ರವರೆಗೆ ಓರೆ ದಾರಿ ಪೂರ್ತಿ ಖಾಲಿ. ಚೆಕ್ ತಪ್ಪಿಸಿಕೊಳ್ಳುವಷ್ಟರಲ್ಲಿ ಮೂಲೆಯ ಆನೆ ಹೋಯಿತು. ಸ್ಕೋರ್‌ಶೀಟ್ ಹಿಡಿದು ಹೊರಗೆ ಬಂದು ಕೇಳಿದಳು: "ಮಿಸ್, ರಾಣಿ ಎಚ್5ಗೆ ಬಂದರೆ ಜಿ6 ಆಡು ಅಂತ ನೀವೇ ಹೇಳಿದ್ದಲ್ವಾ?"

ಹೌದು, ನಾನೇ ಹೇಳಿದ್ದೆ. ನಡೆ ಹೇಳಿಕೊಟ್ಟಿದ್ದೆ, ಅದು ಯಾವಾಗ ಕೆಲಸ ಮಾಡುತ್ತದೆ ಅಂತ ಹೇಳಿಕೊಟ್ಟಿರಲಿಲ್ಲ. ಕ್ಲಾಸಿನಲ್ಲಿ ಆಡಿದಾಗಲೆಲ್ಲ ಸಿ6ರಲ್ಲಿ ಅವಳ ಕುದುರೆ ಇರುತ್ತಿತ್ತು, ಇ5 ಪಾನಿಗೆ ಅದೇ ಕಾವಲು. ಆವತ್ತು ಕುದುರೆ ಇನ್ನೂ ಮನೆಯಲ್ಲೇ ಇತ್ತು. ರಾಣಿ ಎರಡನೇ ನಡೆಗೇ ಬಂದರೆ ಮೊದಲು ಕುದುರೆ ಸಿ6ಗೆ ಬರಬೇಕು, ಇ5 ಭದ್ರ ಆಗಬೇಕು. ಜಿ6 ಅದರ ನಂತರದ ಮಾತು. ಅವಳನ್ನು ಕೂರಿಸಿಕೊಂಡು "ಈಗ ಇ5 ಪಾನನ್ನು ಯಾರು ಕಾಯುತ್ತಿದ್ದಾರೆ?" ಅಂತ ಒಂದೇ ಪ್ರಶ್ನೆ ಕೇಳಿದೆ. ಬೋರ್ಡ್ ನೋಡಿದಳು, ಮುಖ ಅರಳಿತು. ಆಮೇಲೆ ಅವಳು ಆ ತಪ್ಪು ಮಾಡಿದ್ದನ್ನು ನಾನು ನೋಡಿಲ್ಲ.

ನಿಮಗೆ ಆಗುತ್ತಿರುವುದೂ ಇದೇ. ವಿಡಿಯೊ ನೋಡಿ ನಡೆಗಳನ್ನು ತಲೆಗೆ ತುಂಬಿಕೊಂಡಿದ್ದೀರಿ, ಕಾರಣಗಳು ಬಂದಿಲ್ಲ. ಎದುರಾಳಿ ಒಂದು ನಡೆ ಬದಲಾಯಿಸಿದರೆ ಸಾಕು, ಕಲಿತದ್ದು ಉಪಯೋಗಕ್ಕೆ ಬರುವುದಿಲ್ಲ. ಮತ್ತೆ, ಬದಲಾಯಿಸುವುದಕ್ಕೆ ಎಷ್ಟು ಜಾಗ ಇದೆ ನೋಡಿ. ಬಿಳಿಗೆ ಮೊದಲ ನಡೆಗೆ 20 ಆಯ್ಕೆ, ಕಪ್ಪಿಗೂ 20, ಅಲ್ಲಿಗೇ 400 ಆಯಿತು. ಇಬ್ಬರೂ ಎರಡೆರಡು ನಡೆ ಆಡುವಷ್ಟರಲ್ಲಿ ಆಟ 1,97,281 ರೀತಿಯಲ್ಲಿ ಹೋಗಬಹುದು. ಗ್ರಾಂಡ್‌ಮಾಸ್ಟರ್‌ಗಳ ಎದುರಾಳಿಗಳು ಒಳ್ಳೆಯ ನಡೆಗಳನ್ನೇ ಹುಡುಕಿ ಆಡುತ್ತಾರೆ, ಹಾಗಾಗಿ ಅವರಿಗೆ ಇಪ್ಪತ್ತು ನಡೆ ನೆನಪಿಟ್ಟುಕೊಂಡರೂ ಪ್ರಯೋಜನ ಇದೆ. 750ರಲ್ಲಿ ನಿಮ್ಮ ಎದುರು ಕೂತವರು ಮೂರನೇ ನಡೆಗೇ ಎಚ್6 ಆಡುತ್ತಾರೆ. ಅದಕ್ಕೆ ಯಾವ ವಿಡಿಯೊದಲ್ಲೂ ಉತ್ತರ ಇರುವುದಿಲ್ಲ.

ಈಗ ಯಾವ ಓಪನಿಂಗ್ ಅನ್ನುವ ಪ್ರಶ್ನೆ. ಬಿಳಿ ಕಾಯಿಗೆ ಇಟಾಲಿಯನ್. ಸಿಸಿಲಿಯನ್ನೂ ಲಂಡನ್ನೂ ಸದ್ಯಕ್ಕೆ ಬಿಟ್ಟುಬಿಡಿ. ಇಟಾಲಿಯನ್ ಬಹಳ ಹಳೆಯ ಓಪನಿಂಗ್. ಹದಿನೇಳನೇ ಶತಮಾನದಲ್ಲಿ ಗ್ರೆಕೊ ಅನ್ನುವ ಇಟಲಿಯ ಆಟಗಾರ ಬರೆದಿಟ್ಟ ಆಟಗಳಲ್ಲೇ ಇದೆ, ಇವತ್ತು ವಿಶ್ವ ಮಟ್ಟದ ಆಟಗಾರರೂ ಆಡುತ್ತಾರೆ. ನಾನು ಇದನ್ನೇ ಹೇಳುವುದಕ್ಕೆ ಕಾರಣ, ಇದರ ಒಂದೊಂದು ನಡೆಗೂ ಕಣ್ಣಿಗೆ ಕಾಣುವ ಕೆಲಸ ಇದೆ.

ಪಾನ್ ಇ4ಗೆ ಹೋದಾಗ ನಡುವಿನ ಜಾಗ ಹಿಡಿಯಿತು, ಜೊತೆಗೆ ರಾಣಿಗೂ ಒಂಟೆಗೂ ಬಾಗಿಲು ತೆರೆಯಿತು. ಕಪ್ಪು ಇ5 ಆಡಿತು. ಕುದುರೆ ಎಫ್3ಗೆ ಬಂದಾಗ ಸುಮ್ನೆ ಹೊರಗೆ ಬರಲಿಲ್ಲ, ಇ5 ಪಾನಿನ ಮೇಲೆ ಬಿತ್ತು. ಕಪ್ಪು ಕುದುರೆ ಸಿ6ಗೆ ಬಂದು ಅದನ್ನು ಕಾಯಿತು. ನಮ್ಮ ಒಂಟೆ ಸಿ4ಗೆ ಹೋಗಿ ಎಫ್7 ನೋಡುತ್ತ ಕೂತಿತು. ಆಟದ ಶುರುವಿನಲ್ಲಿ ಎಫ್7ಗೆ ರಾಜನೊಬ್ಬನೇ ಕಾವಲು, ಬೇರೆ ಯಾವ ಕಾಯಿಯೂ ಅದನ್ನು ಕಾಯುವುದಿಲ್ಲ. ಅದಕ್ಕೇ ಹೊಸಬರ ಆಟಗಳಲ್ಲಿ ಏಟು ಬೀಳುವುದು ಜಾಸ್ತಿ ಅಲ್ಲೇ. ಮೂರೇ ನಡೆಯಲ್ಲಿ ಕುದುರೆ, ಒಂಟೆ ಎರಡೂ ಹೊರಗೆ ಬಂದವು, ರಾಜನ ಪಕ್ಕ ಖಾಲಿ ಆಯಿತು, ಮುಂದಿನ ನಡೆಗೇ ಕ್ಯಾಸಲಿಂಗ್ ಮಾಡಬಹುದು, ಅಂದರೆ ರಾಜ ಎರಡು ಮನೆ ಪಕ್ಕಕ್ಕೆ ಸರಿದು, ಆನೆ ಅವನನ್ನು ದಾಟಿ ಇನ್ನೊಂದು ಪಕ್ಕ ನಿಲ್ಲುತ್ತದೆ.

ಇಲ್ಲಿಂದ ಮುಂದೆ ಕಪ್ಪು ಒಂಟೆ ಸಿ5ಗೆ ಬಂದರೆ ನೀವು ಸಿ ಪಾನನ್ನು ಸಿ3ಗೆ, ಡಿ ಪಾನನ್ನು ಡಿ3ಗೆ ಇಟ್ಟು, ಕ್ಯಾಸಲಿಂಗ್ ಮಾಡಿ, ಆನೆಯನ್ನು ಇ1ಕ್ಕೆ ತನ್ನಿ. ಸಿ3 ಯಾಕೆ? ಮುಂದೊಂದು ದಿನ ಡಿ4 ತಳ್ಳುವಾಗ ಬೆನ್ನಿಗೆ ಒಂದು ಪಾನ್ ಇರಲಿ ಅಂತ. ಎಡಗಡೆಯ ಕುದುರೆ ಡಿ2ಕ್ಕೆ ಬಂದು, ಎಫ್1ರಿಂದ ಜಿ3ಗೆ ನಿಧಾನಕ್ಕೆ ಹೋಗುತ್ತದೆ. ಈ ಸಾಲಿಗೆ ಇಟಾಲಿಯನ್ ಭಾಷೆಯಲ್ಲಿ ಇಟ್ಟಿರುವ ಹೆಸರಿಗೇ "ಬಹಳ ಶಾಂತವಾದ ಆಟ" ಅನ್ನುವ ಅರ್ಥ ಇದೆ. ನಿಮ್ಮ ಮಟ್ಟಕ್ಕೆ ಈ ಶಾಂತಿ ಒಳ್ಳೆಯದು. ಹತ್ತು ನಡೆ ಆದರೂ ಎಲ್ಲ ಕಾಯಿ ಬೋರ್ಡ್ ಮೇಲಿರುತ್ತವೆ, ಯೋಚನೆ ಮಾಡುವುದಕ್ಕೆ ಸಮಯ ಸಿಗುತ್ತದೆ.

ಕಪ್ಪು ಕಾಯಿ ಬಂದಾಗ, ಎದುರಾಳಿ ಇ4 ಆಡಿದರೆ ನೀವೂ ಇ5 ಆಡಿ. ಆಗ ಬೋರ್ಡ್ ಮೇಲೆ ಬರುವುದು ಹೆಚ್ಚು ಕಡಿಮೆ ಅದೇ ಆಟ, ನೀವು ಈ ಸಲ ಆ ಕಡೆ ಕೂತಿರುತ್ತೀರಿ. ಒಂದೇ ಓದಿನಲ್ಲಿ ಎರಡೂ ಕಡೆಯ ಅಭ್ಯಾಸ ಆಗುತ್ತದೆ, ದಿನಕ್ಕೆ ಅರ್ಧ ಗಂಟೆ ಸಿಗುವವರಿಗೆ ಇದು ದೊಡ್ಡ ಅನುಕೂಲ.

ಇಲ್ಲಿ ಒಂದು ಜಾಗದಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ನೀವು ಇಲ್ಲಿ ಸೋತಿರುವ ಸಾಧ್ಯತೆ ಜಾಸ್ತಿ. ನೀವು ಕಪ್ಪು. ಬಿಳಿ ಒಂಟೆ ಸಿ4ಗೆ ಬಂದಿದೆ. ನೀವು ಕುದುರೆಯನ್ನು ಎಫ್6ಗೆ ತಂದಿರಿ. ತಕ್ಷಣ ಬಿಳಿ ಕುದುರೆ ಜಿ5ಗೆ ಹಾರುತ್ತದೆ. ಈಗ ಎಫ್7 ಮೇಲೆ ಒಂಟೆ ಮತ್ತು ಕುದುರೆ, ಇಬ್ಬರ ಕಣ್ಣು. ನೀವು ಕುದುರೆ ಬದಲು ಒಂಟೆಯನ್ನು ಸಿ5ಗೆ ತಂದಿದ್ದರೆ ಹೀಗಾಗುತ್ತಿತ್ತಾ? ಇಲ್ಲ. ಡಿ8ರಲ್ಲಿರುವ ನಿಮ್ಮ ರಾಣಿಗೆ ಇ7, ಎಫ್6, ಜಿ5 ಓರೆ ದಾರಿ ತೆರೆದೇ ಇರುತ್ತಿತ್ತು. ಕುದುರೆ ಜಿ5ಗೆ ಬಂದ ಕೂಡಲೇ ರಾಣಿ ಅದನ್ನು ಪುಕ್ಕಟೆ ಹೊಡೆಯುತ್ತಿದ್ದಳು. ನಿಮ್ಮದೇ ಕುದುರೆ ಎಫ್6ರಲ್ಲಿ ನಿಂತು ನಿಮ್ಮದೇ ರಾಣಿಯ ನೋಟಕ್ಕೆ ಅಡ್ಡ ಬಂತು. ಎಫ್6 ತಪ್ಪು ನಡೆ ಅಂತಲ್ಲ, ಒಳ್ಳೆಯ ನಡೆಯೇ. ಆದರೆ ಅದನ್ನು ಆಡುವಾಗ ಏನು ಬಿಟ್ಟುಕೊಡುತ್ತಿದ್ದೇನೆ ಅಂತ ಗೊತ್ತಿರಬೇಕು.

ಸರಿ, ಕುದುರೆ ಜಿ5ಗೆ ಬಂದಾಯಿತು. ಡಿ ಪಾನನ್ನು ಡಿ5ಗೆ ತಳ್ಳಿ, ಒಂಟೆಯ ದಾರಿ ಮುಚ್ಚುತ್ತದೆ. ಬಿಳಿ ಪಾನ್ ಅದನ್ನು ಹೊಡೆಯುತ್ತದೆ. ಆಗ ಕೈ ತಾನಾಗಿ ಎಫ್6 ಕುದುರೆಯ ಕಡೆ ಹೋಗುತ್ತದೆ, ಡಿ5ನಲ್ಲಿ ವಾಪಸ್ ಹೊಡೆಯೋಣ ಅಂತ. ನಿಲ್ಲಿಸಿ. ಹೊಡೆದರೆ ಬಿಳಿ ಕುದುರೆ ಎಫ್7ಗೆ ನುಗ್ಗುತ್ತದೆ, ನಿಮ್ಮ ರಾಜ ಅದನ್ನು ಹೊಡೆಯಲೇಬೇಕಾದ ಪರಿಸ್ಥಿತಿ, ರಾಣಿ ಎಫ್3ಗೆ ಬಂದು ರಾಜನಿಗೆ ಚೆಕ್ ಕೊಡುತ್ತಾಳೆ, ಅದೇ ಏಟಿನಲ್ಲಿ ಡಿ5 ಕುದುರೆಗೂ ಕೈ ಹಾಕುತ್ತಾಳೆ. ಕುದುರೆ ಉಳಿಸಿಕೊಳ್ಳುವುದಕ್ಕೆ ರಾಜ ಇ6ಕ್ಕೆ, ಬೋರ್ಡಿನ ಮಧ್ಯಕ್ಕೆ ನಡೆದು ಬರಬೇಕು. ಅಲ್ಲಿ ಅವನನ್ನು ಕಾಪಾಡುವುದು 750ರವರಿಗಲ್ಲ, 1500ರವರಿಗೂ ಕಷ್ಟ. ಅದಕ್ಕೆ ಬದಲಾಗಿ ಸಿ6 ಕುದುರೆಯನ್ನು ಎ5ಗೆ ಕಳಿಸಿ, ಸಿ4 ಒಂಟೆಯನ್ನು ಹಿಡಿಯಿರಿ. ಒಂದು ಪಾನ್ ಹೋಗುತ್ತದೆ, ಆದರೆ ಬಿಳಿ ಕಾಯಿಗಳು ಓಡಾಡುವಷ್ಟರಲ್ಲಿ ನಿಮ್ಮ ಕಾಯಿಗಳು ಹೊರಗೆ ಬರುತ್ತವೆ. ಇಷ್ಟನ್ನು ಬೋರ್ಡ್ ಮೇಲೆ ಮೂರು ಸಲ ಆಡಿ ನೋಡಿ, ನೆನಪಿಟ್ಟುಕೊಳ್ಳುವ ಕಷ್ಟವೇ ಇರುವುದಿಲ್ಲ.

ಎದುರಾಳಿ ಡಿ4ನಿಂದ ಶುರು ಮಾಡಿದರೆ ನೀವು ಡಿ5 ಆಡಿ, ಪಾನ್ ಇ6, ಕುದುರೆ ಎಫ್6, ಒಂಟೆ ಇ7, ಕ್ಯಾಸಲಿಂಗ್. ಸದ್ಯಕ್ಕೆ ಸಾಕು. ಎರಡನೇ ನಡೆಯಲ್ಲಿ ಅವರು ಸಿ4 ಪಾನನ್ನು ಪುಕ್ಕಟೆ ಕೊಟ್ಟ ಹಾಗೆ ಕಾಣುತ್ತದೆ, ಅದೇ ಕ್ವೀನ್ಸ್ ಗ್ಯಾಂಬಿಟ್. ತೆಗೆದುಕೊಂಡರೆ ತಪ್ಪಿಲ್ಲ, ತೆಗೆದುಕೊಂಡದ್ದನ್ನು ಉಳಿಸಿಕೊಳ್ಳಲು ಹೋದರೆ ಕಷ್ಟ. ಹೊಡೆದಿರಿ, ಅವರು ಇ3 ಆಡಿದರು, ನೀವು ಬಿ5 ಆಡಿ ಕಾವಲು ಹಾಕಿದಿರಿ. ಅವರು ಎ4, ನೀವು ಸಿ6, ಅವರು ಬಿ5 ಹೊಡೆದರು, ನೀವು ವಾಪಸ್ ಹೊಡೆದಿರಿ. ಈಗ ಅವರ ರಾಣಿ ಎಫ್3ಗೆ ಬಂದರೆ ಎ8 ಮೂಲೆಯ ಆನೆಯವರೆಗೂ ದಾರಿ ಖಾಲಿ. ಒಂದು ಪಾನಿನ ಆಸೆಗೆ ಒಂದು ದೊಡ್ಡ ಕಾಯಿಯೇ ಹೋಗುತ್ತದೆ.

ಇಟಾಲಿಯನ್ ಜೊತೆಗೆ ಒಂದು ಆಟ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. 1858ರಲ್ಲಿ ಪ್ಯಾರಿಸ್‌ನ ಒಪೆರಾ ಮನೆಯಲ್ಲಿ ಅಮೆರಿಕದ ಪಾಲ್ ಮಾರ್ಫಿ, ಒಬ್ಬ ಡ್ಯೂಕ್ ಮತ್ತು ಒಬ್ಬ ಕೌಂಟ್ ಇಬ್ಬರೂ ಸೇರಿ ಯೋಚಿಸಿ ಆಡಿದ ಕಪ್ಪು ಕಾಯಿಗಳ ಎದುರು ಆಡಿದ ಆಟ. 17 ನಡೆಗೆ ಮುಗಿಯಿತು. ಓಪನಿಂಗ್ ಇಟಾಲಿಯನ್ ಅಲ್ಲ, ಆದರೆ ಬಿಳಿ ಒಂಟೆ ಬಂದು ಕೂರುವುದು ಅದೇ ಸಿ4ನಲ್ಲಿ. ಏಳನೇ ನಡೆಗೆ ಮಾರ್ಫಿ ರಾಣಿಯನ್ನು ಬಿ3ಗೆ ತರುತ್ತಾರೆ. ಒಂದು ಕಡೆ ಎಫ್7, ಇನ್ನೊಂದು ಕಡೆ ಬಿ7, ಎರಡಕ್ಕೂ ಏಟು. ಕಪ್ಪು ಎಫ್7 ಉಳಿಸಿಕೊಳ್ಳಲು ರಾಣಿಯನ್ನು ಇ7ಗೆ ಇಡುತ್ತದೆ, ಅಲ್ಲಿಗೆ ಎಫ್8ರ ತನ್ನದೇ ಒಂಟೆಗೆ ಬಾಗಿಲು ಹಾಕಿಕೊಂಡ ಹಾಗಾಯಿತು. ಆ ಒಂಟೆ ಮತ್ತು ಎಚ್8ರ ಆನೆ ಆಟ ಮುಗಿಯುವವರೆಗೂ ಒಂದು ಹೆಜ್ಜೆ ಇಡಲಿಲ್ಲ. ಮಾರ್ಫಿ ಒಂದೊಂದೇ ಕಾಯಿ ಕೊಡುತ್ತ ಹೋಗಿ ಕೊನೆಗೆ ರಾಣಿಯನ್ನೂ ಬಿ8ರಲ್ಲಿ ಕೊಟ್ಟು, ಉಳಿದ ಒಂದು ಆನೆ ಒಂದು ಒಂಟೆಯಿಂದ ಮೇಟ್ ಮಾಡಿದರು. ನೂರು ಸಲ ತೋರಿಸಿರಬಹುದು, ಈಗಲೂ ಆ ಕೊನೆಯ ನಡೆ ಬಂದಾಗ ನನಗೆ ಮೈ ಜುಮ್ ಅನ್ನುತ್ತದೆ. ಆಟ ಮುಗಿದ ಮೇಲೆ ಬೋರ್ಡ್ ಹಾಗೇ ಬಿಟ್ಟು ಕಪ್ಪಿನ ಆ ಎರಡು ಕಾಯಿಗಳನ್ನು ಒಂದು ನಿಮಿಷ ನೋಡಿ. ಆಮೇಲೆ ನೀವು ಸೋತ ಕೊನೆಯ ಐದು ಆಟ ತೆಗೆದು, ಹತ್ತನೇ ನಡೆಯಲ್ಲಿ ನಿಮ್ಮ ಎಷ್ಟು ಕಾಯಿ ಇನ್ನೂ ಮನೆಯಲ್ಲೇ ಕೂತಿದ್ದವು ಅಂತ ಎಣಿಸಿ.

ಓಪನಿಂಗ್ ಜಾಸ್ತಿ ಗೊತ್ತಿಲ್ಲದೆ ಮೇಲೆ ಬರುವುದಕ್ಕೆ ಆಗುವುದಿಲ್ಲ ಅನ್ನುವ ಭಯ ಇದ್ದರೆ ಮೀರ್ ಸುಲ್ತಾನ್ ಖಾನ್ ಅವರನ್ನು ನೆನಪಿಸಿಕೊಳ್ಳಿ. ಪಂಜಾಬಿನವರು, ಕಲಿತದ್ದು ನಮ್ಮ ದೇಶದ ಹಳೆಯ ನಿಯಮದ ಚದುರಂಗ. ಅದರಲ್ಲಿ ಪಾನ್ ಮೊದಲ ನಡೆಯಲ್ಲಿ ಎರಡು ಮನೆ ಹಾರುವಂತಿಲ್ಲ, ಒಂದೇ ಮನೆ. ಯುರೋಪಿನ ಓಪನಿಂಗ್‌ಗಳಲ್ಲಿ ಅವರು ಕೊನೆವರೆಗೂ ಹಿಂದೆಯೇ ಇದ್ದರು. ಆದರೂ 1929, 1932, 1933ರಲ್ಲಿ ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದರು, ಹೇಸ್ಟಿಂಗ್ಸ್ ಟೂರ್ನಮೆಂಟಿನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೇ ಸೋಲಿಸಿದರು. ಮಧ್ಯದ ಆಟ, ಕೊನೆಯ ಆಟ ಅಷ್ಟು ಗಟ್ಟಿ ಇತ್ತು. ಅದಕ್ಕೇ ದಿನಕ್ಕೆ ಅರ್ಧ ಗಂಟೆ ಸಿಕ್ಕರೆ ಅದರಲ್ಲಿ ಓಪನಿಂಗ್‌ಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಉಳಿದ ಇಪ್ಪತ್ತು ನಿಮಿಷ ಪಜಲ್‌ಗಳಿಗೆ ಇರಲಿ: ಫೋರ್ಕ್ (ಒಂದೇ ಕಾಯಿಯಿಂದ ಎರಡಕ್ಕೆ ಏಟು), ಪಿನ್ (ಸರಿದರೆ ಹಿಂದಿನ ದೊಡ್ಡ ಕಾಯಿಗೆ ಏಟು ಬೀಳುವ ಹಾಗೆ ಕಟ್ಟಿಹಾಕುವುದು), ಒಂದು ನಡೆ ಎರಡು ನಡೆಯ ಮೇಟ್. 750ರಲ್ಲಿ ಆಟಗಳು ತೀರ್ಮಾನ ಆಗುವುದು ಅಲ್ಲೇ.

ಆ ಹತ್ತು ನಿಮಿಷವನ್ನು ಹೇಗೆ ಬಳಸಬೇಕು ಅಂತ ಹೇಳುತ್ತೇನೆ, ನೆನಪಿಟ್ಟುಕೊಳ್ಳುವ ಪ್ರಶ್ನೆಗೂ ಇದೇ ಉತ್ತರ. ಮೂರು ನಿಮಿಷದ ಬ್ಲಿಟ್ಜ್ ನಿಲ್ಲಿಸಿ, ಕನಿಷ್ಠ ಹದಿನೈದು ನಿಮಿಷದ ಆಟ ಆಡಿ, ಅದು ಈ ಅರ್ಧ ಗಂಟೆಯ ಲೆಕ್ಕಕ್ಕೆ ಬೇರೆ. ಅಷ್ಟು ಹೊತ್ತು ದಿನಾ ಸಿಗದಿದ್ದರೆ ಭಾನುವಾರ ಎರಡು ಆಟ ಆಡಿದರೂ ಆಯಿತು. ಆಟ ಮುಗಿದ ಮೇಲೆ ಇಂಜಿನ್ (ಒಳ್ಳೆಯ ನಡೆ ಲೆಕ್ಕ ಹಾಕಿ ತೋರಿಸುವ ಪ್ರೋಗ್ರಾಂ) ಹಾಕುವ ಮುಂಚೆ ನೀವೇ ನೋಡಿ: ಎಷ್ಟನೇ ನಡೆಯಿಂದ ನನಗೆ ಗೊತ್ತಿಲ್ಲದ ಜಾಗ ಶುರುವಾಯಿತು? ಅಲ್ಲಿ ನಾನು ಏನು ಯೋಚಿಸಿದೆ? ಒಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ, ಕನ್ನಡದಲ್ಲೇ. "ಕುದುರೆ ಜಿ5ಗೆ ಬಂದಿತು, ಗಾಬರಿಯಾಗಿ ಎಚ್6 ಆಡಿದೆ, ಎಫ್7 ಹೋಯಿತು." ಹೀಗೆ. ಆಮೇಲೆ ಚೆಸ್ ಆಡುವ ವೆಬ್‌ಸೈಟ್ ಲಿಚೆಸ್‌ನಲ್ಲಿ ಓಪನಿಂಗ್ ಎಕ್ಸ್‌ಪ್ಲೋರರ್ ತೆರೆಯಿರಿ, ಪೂರ್ತಿ ಉಚಿತ. ನಿಮ್ಮ ರೇಟಿಂಗ್‌ನವರು ಆ ಜಾಗದಲ್ಲಿ ಏನು ಆಡುತ್ತಾರೆ, ಯಾರು ಗೆಲ್ಲುತ್ತಾರೆ ಅಂತ ತೋರಿಸುತ್ತದೆ. ಅಲ್ಲಿಂದ ಒಂದೇ ಒಂದು ನಡೆ ಕಲಿಯಿರಿ. ನಾಳೆಯ ಆಟದಿಂದ ಇನ್ನೊಂದು. ನೀವೇ ಸೋತು ಕಲಿತ ನಡೆ ಮರೆಯುವುದಿಲ್ಲ, ಆ ಹುಡುಗಿಗೆ ಇ5 ಪಾನ್ ಮರೆಯದ ಹಾಗೆ.

ಇಂಜಿನ್ ಕೊನೆಗೆ ಅಂತ ಸುಮ್ನೆ ಹೇಳುತ್ತಿಲ್ಲ. 2024ರಲ್ಲಿ ಸಿಂಗಪುರದಲ್ಲಿ ಹದಿನೆಂಟನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಗುಕೇಶ್ ಅವರಿಗೆ, ಕೋಚ್ ವಿಷ್ಣು ಪ್ರಸನ್ನ ಬಹಳ ವರ್ಷ ಇಂಜಿನ್ ಮುಟ್ಟಲು ಬಿಟ್ಟಿರಲಿಲ್ಲ. ಇಂಜಿನ್ ಒಳ್ಳೆಯ ನಡೆ ಯಾವುದು ಅಂತ ತೋರಿಸುತ್ತದೆ, ಯಾಕೆ ಒಳ್ಳೆಯದು ಅಂತ ಹೇಳುವುದಿಲ್ಲ. ಆ ಯಾಕೆಯನ್ನು ನೀವೇ ಹುಡುಕಬೇಕು.

ಲಂಡನ್ ಬಿಡಿ ಅಂದೆ, ಕಾರಣ ಹೇಳಲಿಲ್ಲ. ಅದು ಕೆಟ್ಟ ಓಪನಿಂಗ್ ಅಲ್ಲ. ಆದರೆ ಎದುರಾಳಿ ಏನೇ ಆಡಿದರೂ ಡಿ4, ಒಂಟೆ ಎಫ್4, ಇ3, ಸಿ3 ಅಂತ ಅದೇ ಮನೆ ಕಟ್ಟಬಹುದು ಅನ್ನುವ ಕಾರಣಕ್ಕೆ ಹೊಸಬರು ಎದುರಿನ ನಡೆ ನೋಡುವುದನ್ನೇ ಬಿಟ್ಟುಬಿಡುತ್ತಾರೆ. ಕಪ್ಪು ರಾಣಿ ಬಿ6ಗೆ ಬಂದು ಬಿ2 ಪಾನ್ ನೋಡುತ್ತಿದ್ದರೂ ಇವರು ಮನೆ ಕಟ್ಟುತ್ತಲೇ ಇರುತ್ತಾರೆ. 1200 ದಾಟಿದ ಮೇಲೆ ಬೇಕಿದ್ದರೆ ಕಲಿಯಿರಿ. ಸಿಸಿಲಿಯನ್ ನನಗೆ ಬಹಳ ಇಷ್ಟದ ಓಪನಿಂಗ್, ನಾನೇ ಆಡುತ್ತೇನೆ. ಆದರೆ ಅದರಲ್ಲಿ ಒಂದು ತಪ್ಪು ನಡೆಗೆ ಆಟವೇ ಹೋಗುವ ಸಾಲುಗಳು ಬಹಳ, ಅದಕ್ಕೆ ಈಗ ಸಮಯ ಕೊಟ್ಟರೆ ಪಜಲ್‌ಗೆ ಸಮಯ ಉಳಿಯುವುದಿಲ್ಲ.

ಇನ್ನು ಆ ಎಚ್6, ಎ6 ಆಡುವ ಎದುರಾಳಿಗಳು. ವಿಡಿಯೊದಲ್ಲಿ ಇಲ್ಲದ ನಡೆ ಬಂದಾಗ ಮೊದಲು ನೋಡುವುದು: ಈ ನಡೆ ನನ್ನ ಯಾವ ಕಾಯಿಗಾದರೂ ಏಟು ಹಾಕುತ್ತಿದೆಯಾ? ಹಾಕುತ್ತಿದ್ದರೆ ಅದನ್ನು ನೋಡಿಕೊಳ್ಳಿ. ಇಲ್ಲ ಅಂದರೆ ನಿಮಗೆ ಒಂದು ನಡೆ ಉಡುಗೊರೆ ಸಿಕ್ಕಿದೆ. ಅವರು ಅಂಚಿನ ಪಾನ್ ತಳ್ಳಿದ ಹೊತ್ತಿನಲ್ಲಿ ನೀವು ಇನ್ನೊಂದು ಕಾಯಿ ಹೊರಗೆ ತನ್ನಿ, ಇಲ್ಲವೇ ಡಿ4 ತಳ್ಳಿ ನಡುವಿನ ಜಾಗ ಹಿಡಿಯಿರಿ. ಆ ನಡೆಗೆ ಅಲ್ಲೇ ಶಿಕ್ಷೆ ಕೊಡಬೇಕು ಅಂತ ರಾಣಿ ಎತ್ತಿಕೊಂಡು ಓಡಬೇಡಿ. ಕಾಯಿಗಳು ಮುಂದೆ ಬಂದಷ್ಟೂ ಶಿಕ್ಷೆ ತಾನಾಗಿ ಬರುತ್ತದೆ, ಹೆಚ್ಚಾಗಿ ಎಫ್7 ಮೂಲಕವೇ.

ಮುಂದಿನ ಹತ್ತು ಆಟ, ಬಿಳಿ ಬಂದಾಗ ಇ4, ಎದುರಿನವರು ಇ5 ಆಡಿದರೆ ಇಟಾಲಿಯನ್, ಕಪ್ಪು ಬಂದಾಗ ಮೇಲೆ ಹೇಳಿದ ಹಾಗೆ. ಎದುರಾಳಿ ಸಿ5, ಇ6, ಸಿ6 ಏನೇ ಆಡಿದರೂ ಸದ್ಯಕ್ಕೆ ಹೆಸರು ಹುಡುಕುವುದು ಬೇಡ, ಕುದುರೆ, ಒಂಟೆ, ಕ್ಯಾಸಲಿಂಗ್ ಸಾಕು. ಒಂದೊಂದು ಆಟದಲ್ಲೂ ನಿಮಗೆ ಗೊತ್ತಿಲ್ಲದ ಮೊದಲ ನಡೆ ಯಾವುದು, ಎಷ್ಟನೆಯದು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಹತ್ತು ಸಾಲು ಆದ ಮೇಲೆ ಫೋಟೊ ತೆಗೆದು ಕಳಿಸಿ, ಯಾವ ನಡೆ ಪದೇ ಪದೇ ಬರುತ್ತಿದೆ ಅಂತ ನೋಡಿ ಅಲ್ಲಿಂದ ಮುಂದಕ್ಕೆ ಹೇಳುತ್ತೇನೆ.